ಗಿರಣಿ ಸುಮ್ಮನಾದ ದಿನ

ಕೊರೋನಾ ಮುಗಿದು, ಲಗ್ನಗಳು ಮತ್ತೆ ಮೊದಲಿನ ಹಾಗೆ ಊರೆಲ್ಲ ಸೇರಿಸಿಕೊಂಡು ಆಗತೊಡಗಿದ ವರ್ಷದ ಮಾತಿದು. ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನ ಉಟಗಿ. ನಾನು ವಿಡಿಯೊ ಎಡಿಟಿಂಗ್ ಮಾಡುವವನು. ಅಸಂಗಿ, ಕರಜಗಿ ಕಡೆಯ ಫೋಟೊದವರು ಲಗ್ನ, ಜಾವಳ, ತೊಟ್ಟಿಲ ಕಾರ್ಯಗಳನ್ನು ಶೂಟ್ ಮಾಡಿ ಕಾರ್ಡು ತಂದು ಕೊಡುತ್ತಾರೆ. ನಾನು ಮನೆಯಲ್ಲೇ ಕೂತು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ಹೆಸರು ಬರೆದು ಕೊಡುತ್ತೇನೆ. ಮಗಳನ್ನು ಕಳಿಸುವಾಗ ತಾಯಿ ಯಾವ ಗಳಿಗೆಗೆ ಕಣ್ಣೊರೆಸಿಕೊಳ್ಳುತ್ತಾಳೆ ಅನ್ನುವುದು ನನಗೆ ಅವಳ ಮುಖ ನೋಡಿದ ಕೂಡಲೇ ತಿಳಿಯುತ್ತದೆ. ಸರಿಯಾಗಿ ಅಲ್ಲಿ ವಿಡಿಯೊ ನಿಧಾನ ಮಾಡುತ್ತೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನ ಮಾತಿಗೆ ಬೇಕಾಗಿದೆ ಅಂತ ಹೇಳಿದೆ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಹೆಂಡತಿ ಶೋಭಾ, ನಮ್ಮವ್ವ. ಕಲ್ಲಿನ ಗೋಡೆ, ಮೇಲೆ ತಗಡಿನ ಪತ್ರಾ, ಒಂದೇ ಉದ್ದನೆಯ ಖೋಲಿ. ನಡುವೆ ಜೋಳದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ್ದೇ ಗೋಡೆ. ಚೀಲದ ಈಚೆ ನನ್ನ ಕಂಪ್ಯೂಟರು, ಆಚೆ ನಮ್ಮಿಬ್ಬರ ಹಾಸಿಗೆ. ಅವ್ವನ ರಾಜ್ಯ ಹೊರಗಿನ ಕಟ್ಟೆ. ಮಧ್ಯಾಹ್ನ ಹೊಲದಿಂದ ಬಂದರೆ ಅಲ್ಲೇ ಕೂತು ಕಾಳು ಹಸನು ಮಾಡುತ್ತಾಳೆ, ಓಣಿಯ ಹೆಂಗಸರು ಅಲ್ಲೇ ಬಂದು ಸೇರುತ್ತಾರೆ.

ನನ್ನ ಹಳೆಯ ಕಂಪ್ಯೂಟರಿಗೆ ಅವ್ವ ಇಟ್ಟ ಹೆಸರು ಗಿರಣಿ. ಹೆಸರಿಟ್ಟದ್ದು ಸುಮ್ಮನಲ್ಲ. ಸೆಕೆಂಡ್‌ಹ್ಯಾಂಡ್ ಮಾಲು, ಸಣ್ಣ ಸಣ್ಣ ಫ್ಯಾನುಗಳು, ಒಳಗೆ ಧೂಳು. ಬರಿ ಎಡಿಟಿಂಗ್ ಮಾಡುವಾಗ ಗುಂಯ್ ಅನ್ನುತ್ತಿತ್ತು. ಎಲ್ಲ ಜೋಡಿಸಿ ಮುಗಿದ ಮೇಲೆ ಅದನ್ನು ಒಂದೇ ಪಿಕ್ಚರು ಮಾಡಲು ಎಕ್ಸ್‌ಪೋರ್ಟ್ ಹಚ್ಚಬೇಕಾಗುತ್ತದೆ. ಆವಾಗ ಮಶಿನ್ ತಾನೇ ತಾಸುಗಟ್ಟಲೆ ದುಡಿಯುತ್ತದೆ, ಮನುಷ್ಯ ಸುಮ್ಮನೆ ಕಾಯಬೇಕು. ಎಕ್ಸ್‌ಪೋರ್ಟ್ ಹಚ್ಚಿದೆನೆಂದರೆ ನಮ್ಮ ಗಿರಣಿ ಖರೇನೇ ಹಿಟ್ಟಿನ ಗಿರಣಿ ಆಗುತ್ತಿತ್ತು. ಮೇಲಿನ ಪತ್ರಾ ಕೂಡ ಅದರ ಜೊತೆ ದನಿಗೂಡಿಸುತ್ತಿತ್ತು. ಕಟ್ಟೆಯ ಮೇಲಿನ ಹೆಂಗಸರು ದನಿ ಏರಿಸಿ ಮಾತಾಡಬೇಕಾಗುತ್ತಿತ್ತು.

ಆ ವರ್ಷದ ದೀಪಾವಳಿಗೆ ಮುಂಚೆ ನಮಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ದಿನ ತುಂಬುವ ಮೊದಲೇ ಹುಟ್ಟಿದ್ದು. ಉಸಿರಾಟ ಸರಿ ಇಲ್ಲ ಅಂತ ದವಾಖಾನೆಯವರು ಕಾಚಿನ, ಅಂದರೆ ಗಾಜಿನ, ಪೆಟ್ಟಿಗೆಯಲ್ಲಿ ಇಟ್ಟರು. ಮರುದಿನ ಹೊತ್ತು ಮುಳುಗುವುದರೊಳಗೆ ಹೋಯಿತು. ಯಾರ ತಪ್ಪೂ ಅಲ್ಲ. ಶೋಭಾ ಅದನ್ನು ನೋಡಿದ್ದು ಒಂದೇ ಸಲ, ಅದೂ ಕಾಚಿನ ಆಚೆಯಿಂದ. ನಾನೂ ನಮ್ಮ ಕಾಕಾನೂ ಹೊಲದ ಬದುವಿನ ಹತ್ತಿರ ಮಣ್ಣು ಮಾಡಿ ಬಂದೆವು. ಶೋಭಾ ಇನ್ನೂ ದವಾಖಾನೆಯ ಮಂಚದ ಮೇಲಿದ್ದಳು.

ಅವಳು ಮನೆಗೆ ಬಂದ ದಿನ ಬೀಗರು, ಓಣಿಯವರು ಎಲ್ಲರೂ ಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು. "ಹೆಸರಿಡದ ಕೂಸಿಗಿ ಅಳಬಾರದವ್ವಾ. ಅತ್ತರ ಮುಂದಿನ ಕೂಸು ಬಾಗಲತನಕ ಬಂದು ಹೊಳ್ಳಿ ಹೋಗತೈತಿ." ಅವ್ವನೂ ಎಲ್ಲರ ಮುಂದೆ ಅದನ್ನೇ ಅಂದಳು. ನಾನೂ ಅಂದೆ. ಬೇರೆ ಏನು ಅನ್ನಬೇಕೋ ನನಗೆ ಗೊತ್ತಿರಲಿಲ್ಲ. ಶೋಭಾ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ಬಂದವರಿಗೆಲ್ಲ ಚಹಾ ಇಟ್ಟಳು. ಗಟ್ಟಿಗಿತ್ತಿ ಅಂತ ಎಲ್ಲರೂ ಹೊಗಳಿದರು. ಅಂದಿನಿಂದ ಅವಳು ಅತ್ತದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಲಿಲ್ಲ.

ಆದರೆ ಅವಳಿಗೆ ತಲೆನೋವು ಶುರುವಾಯಿತು. ದಿನಾ ಮಧ್ಯಾಹ್ನ. ಮಲಗಿ ಎದ್ದಾಗ ಕಣ್ಣು ಕೆಂಪಗೆ ಆಗಿ, ರೆಪ್ಪೆ ಬಾತುಕೊಂಡಿರುತ್ತಿದ್ದವು. "ತಲಿ ನೋಯಾಕತ್ತೈತ್ರಿ, ಸ್ವಲ್ಪ ಅಡ್ಡಾಗ್ತೀನಿ" ಅಂತ ಹೇಳಿ ಚೀಲದ ಆಚೆ ಹೋಗಿ ಮಲಗುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಮುಖ ತೊಳೆದುಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ನಗುತ್ತಿದ್ದವಳು ನಗುವುದು ಬಿಟ್ಟಳು. ಮಾತಿಗೊಮ್ಮೆ ನನ್ನನ್ನು ಚಾಷ್ಟಿ ಮಾಡುತ್ತಿದ್ದವಳು ಬರೀ ಹ್ಞೂಂ, ಉಹ್ಞೂಂ ಅನ್ನತೊಡಗಿದಳು. ನನಗೆ ನನ್ನ ಹಳೇ ಶೋಭಾ ಬೇಕಾಗಿದ್ದಳು. ಅವಳನ್ನು ಹೇಗೆ ಮರಳಿ ತರುವುದು ಅನ್ನುವುದೊಂದೇ ನನ್ನ ತಲೆಯಲ್ಲಿ.

ಒಂದು ವಿಷಯ ನನ್ನ ಗಮನಕ್ಕೆ ಬಂತು. ದಿನಾ ಊಟಕ್ಕೆ ಬಡಿಸುವಾಗ ಅವಳು ಕೇಳುತ್ತಿದ್ದಳು, "ಇವತ್ತ ಗಿರಣಿ ಯಾವಾಗ ಹಚ್ತೀರಿ?"

"ಊಟ ಆದ ಮ್ಯಾಲ ಹಚ್ತೀನಿ."

"ಎಷ್ಟೊತ್ತು ನಡಿತೈತಿ?"

"ಇವತ್ತಿಂದು ದೊಡ್ಡ ಲಗ್ನ ಐತಿ. ಸಂಜಿತನಕ ಹಿಡಿತೈತಿ."

ಅಷ್ಟು ಕೇಳಿದವಳು ಲಗೂನ ಪಾತ್ರೆ ತೊಳೆದು ಮುಗಿಸುತ್ತಿದ್ದಳು. ಗಿರಣಿ ಜೋರಾಗುವುದಕ್ಕೂ ಅವಳ ತಲೆನೋವು ಏಳುವುದಕ್ಕೂ ಸರಿಹೋಗುತ್ತಿತ್ತು. ಗಿರಣಿ ಇಲ್ಲದ ದಿನ ತಲೆನೋವೂ ಇಲ್ಲ. ನಾನು ಮಶಿನ್ ರಿಪೇರಿ ಮಾಡಿ ಬಲ್ಲವನು. ಯಾವ ವೈರು ಕಿತ್ತರೆ ಯಾವ ದೀಪ ಆರುತ್ತದೆ ಅಂತ ನೋಡಿ ದೋಷ ಹಿಡಿಯುವವನು. ಹಾಗೇ ಇದನ್ನೂ ಹಿಡಿದೆ. ಈ ಸಪ್ಪಳವೇ ಅವಳ ತಲೆ ತಿನ್ನುತ್ತಿದೆ, ಅದಕ್ಕೇ ಪಾಪ, ಎಷ್ಟು ಹೊತ್ತು ತಡೆದುಕೊಳ್ಳಬೇಕು ಅಂತ ದಿನಾ ಮುಂಚೆಯೇ ಕೇಳಿಕೊಳ್ಳುತ್ತಾಳೆ. ಸಪ್ಪಳ ತೆಗೆದರೆ ನೋವು ಹೋಗುತ್ತದೆ. ನೋವು ಹೋದರೆ ಶೋಭಾ ಮೊದಲಿನ ಹಾಗೆ ಆಗುತ್ತಾಳೆ. ಲೆಕ್ಕ ಎಷ್ಟು ಸರಳವಾಗಿತ್ತೆಂದರೆ, ಇಷ್ಟು ದಿನ ಹೊಳೆಯಲಿಲ್ಲವಲ್ಲ ಅಂತ ನನ್ನ ತಲೆಗೆ ನಾನೇ ಬಡಿದುಕೊಂಡೆ.

ಸಪ್ಪಳವಿಲ್ಲದ ಕಂಪ್ಯೂಟರನ್ನು ನಾನೇ ಕಟ್ಟಬೇಕು ಅಂತ ನಿಶ್ಚಯ ಮಾಡಿದೆ. ಬರೀ ಸಪ್ಪಳ ಇಲ್ಲದಿದ್ದರೆ ಸಾಲದು, ಎಕ್ಸ್‌ಪೋರ್ಟ್ ಲಗೂನ ಮುಗಿಯಬೇಕು. ಪ್ರೊಸೆಸರಿಗೆ ಕಂಪನಿ ಇಟ್ಟುಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಹೆಚ್ಚು ಓಡಿಸಿದರೆ ಹೆಚ್ಚು ಬಿಸಿ. ಬಿಸಿಯಾದರೆ ಫ್ಯಾನ್ ಜೋರು. ಫ್ಯಾನ್ ಜೋರಾದರೆ ಸಪ್ಪಳ. ವೇಗವೂ ಬೇಕು, ಸಪ್ಪಳವೂ ಬೇಡ ಅಂದರೆ ಎರಡು ಜಗಳಗಂಟರನ್ನು ಒಂದೇ ಚಕ್ಕಡಿಯಲ್ಲಿ ಕೂಡಿಸಿದ ಹಾಗೆ. ಅದರಲ್ಲೂ ನಮ್ಮ ಜತ್ತದ ಬಿಸಿಲು, ತಲೆಯ ಮೇಲೆ ಪತ್ರಾ.

ಸಾಮಾನು ಒಂದೊಂದಾಗಿ ತಂದೆ. ವೇಗ ಏರಿಸಲು ಬರುವಂಥ ಪ್ರೊಸೆಸರು, ಅದರ ಬಿಸಿ ಹೀರಲು ಮೇಲೆ ಕೂರಿಸುವ, ಇಟ್ಟಿಗೆಗಿಂತ ದೊಡ್ಡದಾದ ಅಲ್ಯುಮಿನಿಯಂ ಹೀಟ್‌ಸಿಂಕು, ತಟ್ಟೆಯಷ್ಟು ಅಗಲದ ಫ್ಯಾನುಗಳು. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ, ಸಣ್ಣದರ ಹಾಗೆ ಕಿರುಚಾಡುವುದಿಲ್ಲ. ಆದರೆ ಅಂಥ ಫ್ಯಾನ್ ಹಿಡಿಸುವ ಪೆಟ್ಟಿಗೆ ಬೇಕಲ್ಲ. ಜತ್ತದ ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯಲ್ಲಿ ಒಂದು ದಪ್ಪ ತಗಡಿನ ಹಳೆಯ ಕ್ಯಾಬಿನೆಟ್ ಸಿಕ್ಕಿತು. ಅದನ್ನು ಹೊತ್ತುಕೊಂಡು ನಮ್ಮೂರಿನ ವೆಲ್ಡಿಂಗಿನ ದಸ್ತಗೀರನ ಹತ್ತಿರ ಹೋದೆ. ಮುಂದೆ ಎರಡು, ಮೇಲೆ ಒಂದು ದೊಡ್ಡ ತೂತು ಕೊರೆಯಬೇಕು ಅಂದೆ.

"ಏನ್ ಮಲ್ಲು, ಗಟ್ಟಿಮುಟ್ಟ ಡಬ್ಬಿಗಿ ತೂತ ಹೊಡಸ್ತೀಯಲ್ಲೋ" ಅಂದ.

"ಅದು ಉಸರಾಡಬೇಕೋ ಮಾರಾಯಾ."

"ಕಂಪ್ಯೂಟರಿಗಿ ಉಸುರು ಬ್ಯಾರೆ!" ಅಂತ ನಗುತ್ತ ಗ್ರೈಂಡರ್ ಹಚ್ಚಿದ.

ನನಗೆ ನಗು ಬರಲಿಲ್ಲ. ಆ ಕಾಚಿನ ಪೆಟ್ಟಿಗೆ ನೆನಪಾಯಿತು. ಕೆಲಸ ಮುಗಿಯುವ ತನಕ ಅಂಗಡಿಯ ಹೊರಗೆ ನಿಂತೆ.

ಒಳಗಿನ ಬೇಡದ ತಗಡನ್ನೆಲ್ಲ ಬಿಚ್ಚಿ ಹಾಕಿದೆ. ಫ್ಯಾನಿನ ನಡುಕ ಪೆಟ್ಟಿಗೆಗೆ ತಾಗಬಾರದೆಂದು ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ನಡುವೆ ಕೊಟ್ಟೆ. ಇನ್ನು ಉಳಿದದ್ದು ಪೆಟ್ಟಿಗೆಯ ಒಳಗೋಡೆಗೆ ಅಸ್ತರು. ಶಹರದಲ್ಲಾದರೆ ಅದಕ್ಕೊಂದು ಸ್ಪಂಜಿನ ಹಾಳೆ ಸಿಗುತ್ತದಂತೆ. ನಮ್ಮ ಕಡೆ ಕುರಿ ಇರುವಾಗ ಆ ಚಿಂತೆ ಯಾಕೆ ಅಂತ, ಅಟ್ಟದ ಮೇಲಿದ್ದ ಒರಟು ಕಂಬಳಿ ಇಳಿಸಿದೆ. ಕಂಬಳಿ ಸಪ್ಪಳ ನುಂಗುತ್ತದೆ, ಬೆಂಕಿಯೂ ಬೇಗ ಹಿಡಿಯುವುದಿಲ್ಲ. ತೊಡಕೊಂದೇ, ಅದರ ಕೂದಲು ಉದುರಿ ಫ್ಯಾನಿಗೆ ಸಿಕ್ಕರೆ ಕೆಲಸ ಕೆಟ್ಟಂತೆ. ಕಂಬಳಿ ಹಿಡಿದುಕೊಂಡು ಯೋಚಿಸುತ್ತ ಕೂತಿದ್ದೆ. ಶೋಭಾ ಬಂದು ನೋಡಿ, "ಮ್ಯಾಲ ಅರಬಿ ಇಟ್ಟು ಹೊಲದ್ರಾತಲ್ಲರಿ" ಅಂದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಆಡಿದ ಮಾತು. ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ತೀರಿಹೋದ ಅಪ್ಪನ ಹಳೆಯ ಧೋತರ ಹರಿದು, ಕಂಬಳಿಯ ತುಂಡುಗಳಿಗೆ ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತ ಕೂತಳು. ನಾನು ಎದುರಿಗೆ ಕೂತು ಅಳತೆ ಕೊಡುತ್ತಿದ್ದೆ.

"ಇದನ್ನ ಹಚ್ಚಿದ್ರ ಸಪ್ಪಳ ಕಡಿಮಿ ಆಗತೈತೇನ್ರಿ?"

"ಕಡಿಮಿ ಅಲ್ಲ, ಒಟ್ಟ ಇರೂದಿಲ್ಲ ನೋಡು."

"ಒಟ್ಟ?"

"ಒಟ್ಟ ಅಂದ್ರ ಒಟ್ಟ. ಸೂಜಿ ಬಿದ್ರ ಕೇಳಬೇಕು, ಹಂಗ ಮಾಡ್ತೀನಿ."

ಅವಳು ಸೂಜಿ ನಿಲ್ಲಿಸಿದಳು. "ಸ್ವಲ್ಪರ ಇರಬೇಕಲ್ಲರಿ" ಅಂದಳು.

ನಾನು ನಕ್ಕುಬಿಟ್ಟೆ. "ಇದೆಲ್ಲ ನಿನ್ನ ಸಲುವಾಗೇ ಮಾಡಾಕತ್ತೀನಿ ಹುಚ್ಚಿ" ಅಂದೆ. ಅವಳು ನನ್ನ ಮುಖ ನೋಡಿದಳು. ಮತ್ತೆ ತಲೆ ಬಗ್ಗಿಸಿ ಹೊಲಿಯತೊಡಗಿದಳು. ಒಂದು ಹೊಲಿಗೆಯೂ ಓರೆ ಬೀಳಲಿಲ್ಲ.

ಅವ್ವನಿಗೂ ಈ ಹೊಸ ಮಶಿನ್ ಸೇರಿರಲಿಲ್ಲ. "ಇದ್ದದ್ದs ಚಲೋ ನಡದೈತಿ, ಯಾಕ ಬದಲ ಮಾಡ್ತಿ?" ಅಂತ ಎರಡು ಮೂರು ಸಲ ಅಂದಿದ್ದಳು. ಮುದುಕರಿಗೆ ಹೊಸದು ಯಾವುದೂ ಒಗ್ಗುವುದಿಲ್ಲ ಅಂತ ಬಿಟ್ಟುಬಿಟ್ಟೆ. ಹಳೆಯ ಗಿರಣಿಯನ್ನು ಭಂಗಾರಕ್ಕೆ ಹಾಕಲು ಹೊರಟಾಗ ಮಾತ್ರ ಅವಳು ಗಟ್ಟಿಯಾಗಿ ತಡೆದಳು. "ಇರಲಿ ಬಿಡು ಮೂಲ್ಯಾಗ, ಏನ್ ಅನ್ನ ಕೇಳ್ತೈತೇನದು?" ಅಂದಳು. ಸರಿ ಅಂತ ಅದರ ಮೇಲೆ ಒಂದು ಖಾಲಿ ಚೀಲ ಹೊದಿಸಿ ಮೂಲೆಗೆ ಸರಿಸಿದೆ.

ಕಟ್ಟುವುದು ಒಂದು ಕೆಲಸವಾದರೆ ವೇಗ ಏರಿಸುವುದು ಇನ್ನೊಂದು. ಸ್ವಲ್ಪ ಏರಿಸುವುದು, ಪೂರ್ತಿ ದುಡಿಸಿ ನೋಡುವುದು, ಬಿಸಿ ಎಷ್ಟಾಯಿತು ಅಂತ ಬರೆದುಕೊಳ್ಳುವುದು. ನಡುವೆ ಪರದೆ ನೀಲಿಯಾಗಿ ಸತ್ತುಬಿಡುತ್ತಿತ್ತು. ಮತ್ತೆ ಒಂದು ಮೆಟ್ಟಿಲು ಇಳಿಸಿ, ಕರೆಂಟು ಒಂದು ಚೂರು ಹೆಚ್ಚಿಸಿ, ಮತ್ತೆ ಏರಿಸುವುದು. ಕಡೆಗೆ ಒಂದು ದಿನ ಎಲ್ಲ ಸರಿಹೋಯಿತು. ಸಿಡುಕದೆ, ಸಾಯದೆ, ಹೆಚ್ಚು ಬಿಸಿಯಾಗದೆ ಓಡಿತು. ಅಸ್ತರಿನ ಬಾಗಿಲು ಮುಚ್ಚಿ, ಸ್ಕ್ರೂ ಬಿಗಿದು ಚಾಲೂ ಮಾಡಿದೆ. ಏನೂ ಕೇಳಿಸಲಿಲ್ಲ. ಮೇಲಿನ ತೂತಿಗೆ ಅಂಗೈ ಹಿಡಿದರೆ ಮಾತ್ರ ಬೆಚ್ಚನೆಯ ಗಾಳಿ ತಾಗುತ್ತಿತ್ತು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಕೇಳಿಸಿತು. ಓಣಿಯ ಆ ತುದಿಯಲ್ಲಿ ಯಾರೋ ಕೊಡ ಕೆಳಗಿಟ್ಟದ್ದು ಕೇಳಿಸಿತು. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು.

"ಚಾಲೂ ಐತೇನಿದು?" ಅಂದಳು ಅವ್ವ, ಬಾಗಿಲಲ್ಲಿ ನಿಂತು. ಹ್ಞೂಂ ಅಂದೆ. ತಿರುಗಿ ಕಟ್ಟೆಗೆ ಹೋದಳು. ಸಂಜೆಯ ತನಕ ಹಿಡಿಯುತ್ತಿದ್ದ ಎಕ್ಸ್‌ಪೋರ್ಟು ಅಂದು ಚಹಾ ಕುದಿದು ಸೋಸುವುದರೊಳಗೆ ಬಹುಪಾಲು ಮುಗಿದಿತ್ತು. ಶೋಭಾ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಹಚ್ಚೀರೇನು?"

"ಹಚ್ಚಿ ಮುಗಿಯಾಕ ಬಂತು."

"ಇಷ್ಟ ಲಗೂನ ಮುಗೀತೇನ್ರಿ?" ಅಂದಳು. ಆ ದನಿಯಲ್ಲಿದ್ದದ್ದು ಸಂತೋಷ ಅಂತ ನಾನು ತಿಳಿದೆ. ಅವಳು ಚೀಲದ ಆಚೆ ಹೋಗಲಿಲ್ಲ. ತಿರುಗಿ ಒಲೆಯ ಹತ್ತಿರ ಹೋಗಿ ಕೂತಳು. ತಲೆನೋವು ಹೋಯಿತು ಅಂತ ನಾನು ಅಂದುಕೊಂಡೆ.

ತಲೆನೋವು ಹೋಗಲಿಲ್ಲ. ಮೊದಲು ಮಧ್ಯಾಹ್ನ ಮಾತ್ರ ಇದ್ದದ್ದು ಈಗ ದಿನವಿಡೀ ಆಯಿತು. ರೊಟ್ಟಿ ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ನೀರು ತರಲು ಹೋದವಳು ಕೊಡ ತುಂಬಿ ಹರಿಯುತ್ತಿದ್ದರೂ ನೋಡುತ್ತ ನಿಂತಿರುತ್ತಿದ್ದಳಂತೆ. ಆದರೆ ಕಣ್ಣು ಕೆಂಪಗಿರಲಿಲ್ಲ. ಒಣಗಿದ್ದವು. ಜತ್ತಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ, ಕಣ್ಣು ಚೆನ್ನಾಗಿವೆ ಅಂದರು. ರಕ್ತ ಕಡಿಮೆ ಇರಬೇಕು ಅಂತ ಗುಳಿಗೆ ಕೊಡಿಸಿದೆ. ಇಷ್ಟೆಲ್ಲ ಕಷ್ಟಪಟ್ಟು ಸಪ್ಪಳ ತೆಗೆದರೂ ಇವಳಿಗೆ ಅದರ ಬೆಲೆಯಿಲ್ಲವಲ್ಲ ಅಂತ ಒಳಗೊಳಗೇ ಸಿಟ್ಟೂ ಬಂತು. ಒಂದು ದಿನ ಅವಳು, "ಹಳೇ ಗಿರಣಿ ಹಾಳಾಗೇತೇನ್ರಿ?" ಅಂತ ಕೇಳಿದಾಗ ನನಗೆ ತಡೆಯಲಾಗಲಿಲ್ಲ. "ಅದನ್ನ ತಗೊಂಡ್ ಏನ್ ಮಾಡ್ತಿ? ತಲಿ ಇನ್ನಷ್ಟ ಹಿಡಿಸ್ಕೊತಿ?" ಅಂದೆ. ಮತ್ತೆ ಅವಳು ಕೇಳಲಿಲ್ಲ.

ಹೀಗಿರುವಾಗ ನಮ್ಮ ಎದುರು ಮನೆಯಲ್ಲಿ ಕೂಸಿಗೆ ತೊಟ್ಟಿಲ ಕಾರ್ಯ ಬಂತು. ಅವ್ವನನ್ನು ಕರೆದರು. ಶೋಭಾಳನ್ನು ಕರೆಯಲಿಲ್ಲ. ಆ ಮನೆಯವರು ಕೆಟ್ಟವರಲ್ಲ, ನಮ್ಮ ಕಷ್ಟಕ್ಕೆ ಆದವರೇ. ಆದರೆ ಕೂಸು ಕಳಕೊಂಡವಳು ತೊಟ್ಟಿಲ ಮುಂದೆ ನಿಲ್ಲಬಾರದು ಅನ್ನುವುದು ರೂಢಿ. ಅವ್ವ ಇಲಕಲ್ಲ ಸೀರೆ ಉಟ್ಟುಕೊಂಡು ಹೋಗುವಾಗ ಶೋಭಾಳೇ ಅವಳ ಸೆರಗು ಸರಿ ಮಾಡಿ ಕಳಿಸಿದಳು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂತೆ.

ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯಲ್ಲಿ ಹಾಡು ಮುಗಿದು ಊಟದ ಪಂಕ್ತಿ ಕೂತಿತ್ತು, ಓಣಿ ಸುಮ್ಮನಾಗಿತ್ತು. ನಾನು ಎಕ್ಸ್‌ಪೋರ್ಟ್ ಹಚ್ಚಿ ಹೆಡ್‌ಫೋನ್ ತೆಗೆದಿಟ್ಟೆ. ಆಗ ಕೇಳಿಸಿತು. ತೆಳ್ಳನೆಯ, ಬಿಟ್ಟು ಬಿಟ್ಟು ಬರುವ ಸಪ್ಪಳ. ಎಣ್ಣೆ ಆರಿದ ಬೇರಿಂಗಿನದು ಹೀಗೇ ಇರುತ್ತದೆ. ಇಷ್ಟು ಮುತುವರ್ಜಿಯಿಂದ ಕಟ್ಟಿದ ಮಶಿನ್, ಇಷ್ಟು ಬೇಗ ಸಪ್ಪಳ ಶುರುವಾಯಿತೇ ಅಂತ.

ಬಾಗಿಲ ಸ್ಕ್ರೂ ಬಿಚ್ಚಿ ತೆಗೆದೆ. ಮುಂದಿನ ಫ್ಯಾನಿನ ನಡುವಿಗೆ ಮೆಲ್ಲಗೆ ಬೆರಳು ಒತ್ತಿ ನಿಲ್ಲಿಸಿದೆ. ಸಪ್ಪಳ ಹೋಗಲಿಲ್ಲ. ಅದರ ಕೆಳಗಿನದನ್ನು ನಿಲ್ಲಿಸಿದೆ. ಮೇಲಿನದನ್ನು ನಿಲ್ಲಿಸಿದೆ. ಹೋಗಲಿಲ್ಲ. ಓವರ್‌ಕ್ಲಾಕ್ ಮಾಡಿ ಹೆಚ್ಚು ಕರೆಂಟು ಎಳೆದರೆ ಕೆಲವು ಬೋರ್ಡುಗಳು ಹೀಗೆ ಸಣ್ಣಗೆ ಕೊರಗುವುದುಂಟು. ಅದೇ ಇರಬೇಕೆಂದು ವೇಗ ಇಳಿಸಿದೆ. ಆಗಲೂ ಇತ್ತು. ಪೆಟ್ಟಿಗೆಯೊಳಗೆ ತಲೆ ತೂರಿಸಿ, ಶೋಭಾ ಹೊಲಿದ ಕಂಬಳಿಗೆ ಕಿವಿ ಹಚ್ಚಿ ಆಲಿಸಿದೆ. ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಲಿಲ್ಲ. ಕಡೆಗೆ ಎಕ್ಸ್‌ಪೋರ್ಟ್ ನಿಲ್ಲಿಸಿ ಮಶಿನ್ನನ್ನೇ ಬಂದ್ ಮಾಡಿದೆ. ಪರದೆ ಕಪ್ಪಾಯಿತು. ಫ್ಯಾನುಗಳು ಒಂದೊಂದಾಗಿ ನಿಂತವು.

ಸಪ್ಪಳ ನಿಲ್ಲಲಿಲ್ಲ.

ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಬೆಕ್ಕು ಎಲ್ಲಾದರೂ ಮರಿ ಹಾಕಿರಬೇಕು ಅಂತ ಮೇಲೆ ಕೆಳಗೆ ನೋಡುತ್ತ ಜೋಳದ ಚೀಲಗಳ ಆಚೆ ಹೋದೆ. ಚೀಲಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಶೋಭಾ ಮಂಡಿ ಮಡಚಿ ಕೂತಿದ್ದಳು. ಪೆಟ್ಟಿಗೆಗೆ ಕತ್ತರಿಸಿ ಉಳಿದಿದ್ದ ಕಂಬಳಿಯ ತುಂಡನ್ನು ಎರಡೂ ಕೈಯಿಂದ ಬಾಯಿಗೆ ಒತ್ತಿಕೊಂಡಿದ್ದಳು. ಕಣ್ಣು ಮುಚ್ಚಿತ್ತು. ನಾನು ಇನ್ನೂ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದೇನೆ ಅಂದುಕೊಂಡಿದ್ದಳು.

"ಶೋಭಾ" ಅಂದೆ.

ಅವಳು ಬೆಚ್ಚಿ ಬಿದ್ದಳು. ಬಾಯಿಂದ ಕಂಬಳಿ ತೆಗೆದು, ಮೊದಲು ನನ್ನ ಹಿಂದೆ ನೋಡಿದಳು. ಕಪ್ಪಾದ ಪರದೆಯನ್ನು ನೋಡಿದಳು. "ಬಂದ್ ಯಾಕ ಮಾಡಿದ್ರಿ?" ಅಂದಳು. "ಹೊರಗ ಕೇಳಸ್ತೈತ್ರಿ. ಹಳೇದ್ ಹಚ್ರಿ. ನಿಮ್ಮ ಕಾಲಿಗಿ ಬೀಳ್ತೀನಿ, ಹಳೇ ಗಿರಣಿ ಹಚ್ರಿ."

ಆ ಗಳಿಗೆಯಲ್ಲಿ ನನಗಾದದ್ದನ್ನು ಹೇಗೆ ಹೇಳಲಿ? ದಿನಾ ಊಟಕ್ಕೆ ಬಡಿಸುವಾಗ ಕೇಳುತ್ತಿದ್ದ ಮಾತು, ಲಗೂಲಗೂ ತೊಳೆದಿಡುತ್ತಿದ್ದ ಪಾತ್ರೆಗಳು, ಬಾತ ಕಣ್ಣು, "ಸ್ವಲ್ಪರ ಇರಬೇಕಲ್ಲರಿ" ಅಂದದ್ದು, ಎಲ್ಲವೂ ಒಂದರ ಹಿಂದೊಂದು ತಲೆಯೊಳಗೆ ಬಂದು ನಿಂತವು. ಇಡೀ ಮನೆಯಲ್ಲಿ ಅವಳಿಗೆ ಅಳಲು ಇದ್ದ ಜಾಗ ಆ ಸಪ್ಪಳ ಒಂದೇ. ಅದನ್ನು ನಾನು ಪ್ರೀತಿಯಿಂದ, ಅವಳ ಕೈಯಿಂದಲೇ ಹೊಲಿಸಿ, ಮುಚ್ಚಿ ಹಾಕಿದ್ದೆ.

ಮೂಲೆಗೆ ಹೋಗಿ ಚೀಲ ಎಳೆದು ಒಗೆದು ಗಿರಣಿಯನ್ನು ಹೊರಗೆಳೆದೆ. ವೈರು ತೂತಿಗೆ ಸೇರಲೊಲ್ಲದು. ಹೇಗೋ ಹಚ್ಚಿ ಚಾಲೂ ಮಾಡಿದೆ. ಒಳಗೆ ಯಾರದೋ ಹಳೆಯ ಲಗ್ನವಿತ್ತು. ಅದನ್ನೇ ಎಕ್ಸ್‌ಪೋರ್ಟಿಗೆ ಹಾಕಿದೆ. ಗಿರಣಿ ಗೊರಗೊರ ಅಂತ ಕೆಮ್ಮಿ, ಧೂಳು ಉಗುಳಿ, ಮೆಲ್ಲಗೆ ದನಿ ಏರಿಸಿತು. ಪತ್ರಾ ಗುಂಯ್‌ಗುಡತೊಡಗಿತು. ಆಮೇಲೆ ಚೀಲದ ಆಚೆಯಿಂದ ಬಂದ ದನಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಲಗ್ನಗಳಲ್ಲಿ ನೋಡಿದ ಯಾವ ಅಳುವೂ ಹಾಗಿರಲಿಲ್ಲ. ಹೋಗಿ ಅವಳ ಪಕ್ಕದ ಸಂದಿಯಲ್ಲಿ ತೂರಿಕೊಂಡು ಕೂತೆ. ಅಳಬೇಡ ಅನ್ನಲಿಲ್ಲ. ಬದುವಿನ ಹತ್ತಿರ ಮಣ್ಣು ಮುಚ್ಚಿ ಬಂದ ದಿನದಿಂದ ನನ್ನೊಳಗೂ ಏನೋ ಕಟ್ಟಿಕೊಂಡು ಕೂತಿತ್ತು. ಅದೂ ಅಂದು ಒಡೆಯಿತು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಕಣ್ಣೆತ್ತಿದಾಗ ಅವ್ವ ಚೀಲದ ಹತ್ತಿರ ನಿಂತಿದ್ದಳು. ಕೈಯಲ್ಲಿ ತೊಟ್ಟಿಲ ಕಾರ್ಯದ ಗುಗ್ಗರಿ ಕಟ್ಟಿದ ಗಂಟಿತ್ತು. ನಾನು ಹೆದರಿದೆ. ಸೊಸೆ ಅಳುವುದನ್ನು ನೋಡಿ ಏನಾದರೂ ಅಂದಾಳೋ ಅಂತ. ಶೋಭಾ ಗಡಬಡಿಸಿ ಸೆರಗು ಹುಡುಕಿದಳು. ಅವ್ವ ಗಂಟನ್ನು ಚೀಲದ ಮೇಲಿಟ್ಟು, ಬಗ್ಗಿ, ಅವಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಗಿರಣಿಯ ಸಪ್ಪಳಕ್ಕೆ ಮೀರಿಸಿ ಅಂದಳು:

"ಬದಲ ಮಾಡಬ್ಯಾಡ, ಮಾಡಬ್ಯಾಡ ಅಂತ ಬಡಕೊಂಡೆ, ಕೇಳಿದೇನ್ ನೀ? ನಿನ್ನ ಮುಂಚೆ ನಂದೂ ಒಂದು ಕೂಸು ಹೋತು. ಆಗ ನನಗ ಬೀಸಾಕ ಕಲ್ಲರ ಇತ್ತಪಾ. ಅಕಿಗೇನೈತಿ?"

ನನಗಿಂತ ಮೊದಲು ಒಂದು ಕೂಸು ಇತ್ತೆಂಬುದು ನನಗೆ ಅಂದೇ ಗೊತ್ತಾದದ್ದು. ಅವ್ವ ನಸುಕಿನಲ್ಲಿ ಎದ್ದು ಬೀಸುತ್ತಿದ್ದ ಕಲ್ಲಿನ ಸಪ್ಪಳಕ್ಕೆ ನಾನು ಚಿಕ್ಕಂದಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಎಷ್ಟೋ ವರ್ಷ ಅವಳು ಬೀಸುವುದು ಬಿಟ್ಟಿರಲಿಲ್ಲ. ಗಿರಣಿಯ ಹಿಟ್ಟು ಸಪ್ಪಗೆ ಅನ್ನುತ್ತಿದ್ದಳು. ಅದನ್ನೂ ನಾನು ನಂಬಿದ್ದೆ.

ಈಗ ಹೊಸ ಮಶಿನ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ವೇಗದಲ್ಲಾಗಲಿ ಮೌನದಲ್ಲಾಗಲಿ ಅದಕ್ಕೊಂದು ಊನವಿಲ್ಲ. ಫೋಟೊದವರು ಬಂದರೆ ಮೇಲಿನ ತೂತಿಗೆ ಕೈ ಹಿಡಿದು ನೋಡಿ ಬೆರಗಾಗುತ್ತಾರೆ, ನಮಗೂ ಇಂಥದೊಂದು ಮಾಡಿ ಕೊಡು ಅನ್ನುತ್ತಾರೆ. ನಾನು ಮೊದಲು ಕೇಳುವುದು, ಮನೆಯಲ್ಲಿ ಯಾರ್ಯಾರು ಇದ್ದೀರಿ ಅಂತ. ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧ ಅಂತ ನಗುತ್ತಾರೆ. ನನ್ನ ಪರದೆಯ ಮೇಲೆ ಇಂದಿಗೂ ತಾಯಂದಿರು ಕಣ್ಣೊರೆಸಿಕೊಳ್ಳುತ್ತಾರೆ, ಆದರೆ ಅವರ ಮುಖ ನೋಡಿ ಎಲ್ಲ ತಿಳಿಯಿತು ಅನ್ನುವ ಧೈರ್ಯ ನನಗೀಗ ಇಲ್ಲ.

ಹೊಸ ಮಶಿನ್ನಿನ ಪಕ್ಕದಲ್ಲೇ ಹಳೆಯ ಗಿರಣಿಯೂ ಇದೆ. ದಿನಾ ಅಲ್ಲದಿದ್ದರೂ ವಾರದಲ್ಲಿ ಒಂದೆರಡು ಮಧ್ಯಾಹ್ನ ಶೋಭಾ ಪಾತ್ರೆ ತೊಳೆದು ಬಂದು ನನ್ನ ಕಡೆ ನೋಡುತ್ತಾಳೆ. ನಾನು ಏನೂ ಕೇಳದೆ ಗಿರಣಿಗೆ ಯಾವುದೋ ಹಳೆಯ ಲಗ್ನ ಹಚ್ಚಿಬಿಡುತ್ತೇನೆ. ಇಬ್ಬರೂ ಚೀಲದ ಆಚೆ ಹೋಗಿ ಕೂರುತ್ತೇವೆ. ನಮಗೆ ಮತ್ತೆ ಕೂಸಾಗಿಲ್ಲ. ಒಂದು ಸಲ ಆ ಸಪ್ಪಳದಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಮಗಳಿಗೆ ಇಡಬೇಕೆಂದಿದ್ದ ಹೆಸರು ಹೇಳಿದಳು. ಅದನ್ನು ನಾವಿಬ್ಬರೂ ಗಿರಣಿ ನಡೆದಾಗ ಮಾತ್ರ ಅನ್ನುತ್ತೇವೆ. ಹೊರಗೆ ಕಟ್ಟೆಯ ಮೇಲೆ ಅವ್ವ ಕಾಳು ಹಸನು ಮಾಡುತ್ತ, ಬಂದವರನ್ನು ಬಾಗಿಲಲ್ಲೇ ತಡೆದು ಗಟ್ಟಿ ದನಿಯಲ್ಲಿ ಹೇಳುತ್ತಿರುತ್ತಾಳೆ: "ಸೊಸಿಗಿ ತಲಿನೋವ ಐತ್ರಿ, ಮಲಗ್ಯಾಳ. ಇಲ್ಲೇ ಕಟ್ಟಿ ಮ್ಯಾಲ ಕುಂದ್ರಿ."